ಪ್ರಕಟಣೆಯ ಕೊನೆಯ ಸಾಲು

ಉಮೆ ಓಗುಶಿ ದ್ವೀಪದ ವಿಮಾನ ನಿಲ್ದಾಣದಲ್ಲಿ ತೀರಿಕೊಂಡದ್ದು ಮಾರ್ಚ್ ಇಪ್ಪತ್ತನಾಲ್ಕರ ಬೆಳಗ್ಗೆ ಒಂಬತ್ತೂಕಾಲಿಗೆ. ಉಮೆ ಎಂದರೆ ಶಿಗೆ ಅಜ್ಜಿಯ ಆಡು. ಹನ್ನೊಂದು ವರ್ಷ, ಬಿಳಿ ಬಣ್ಣ, ತುಸು ಮುಂಗೋಪ.

ನಾಗಸಾಕಿಯಿಂದ ಬಂದ ಉಶಿಯೊ ಸಂಸ್ಥೆಯ ಒಂಬತ್ತು ಸೀಟಿನ ವಿಮಾನ ಅಡ್ಡಗಾಳಿಗೆ ಸಿಕ್ಕಿ, ಒದ್ದೆ ಕೈಯಿಂದ ಸಾಬೂನು ಜಾರಿದ ಹಾಗೆ ರನ್‌ವೇಯಿಂದ ಹುಲ್ಲಿಗೆ ಜಾರಿತು. ಬೇಲಿ ಮುರಿದಿದ್ದ ಕಡೆಯಿಂದ ಒಳಗೆ ಬಂದ ಉಮೆ ಆ ಹುಲ್ಲನ್ನೇ ಮೇಯುತ್ತಿದ್ದಳು. ಪ್ರಯಾಣಿಕರು ಆರು ಮಂದಿಯೂ ಪೈಲಟ್ಟೂ ತಮ್ಮ ಕಾಲ ಮೇಲೆಯೇ ನಡೆದು ಇಳಿದರು. ಉಮೆ ಏಳಲಿಲ್ಲ.

ಆ ನಿಲ್ದಾಣದಲ್ಲಿ ಟಿಕೆಟ್ ಕೊಡುವುದು, ಚೀಲ ತೂಗುವುದು, ವಿಮಾನಕ್ಕೆ ಕೈ ಬೀಸುವುದು ಎಲ್ಲವೂ ಮೊರಿವಾಕಿಯ ಕೆಲಸ. ಹೆಂಡತಿ ಮಗಳನ್ನು ನಾಗಸಾಕಿಯಲ್ಲಿ ಬಿಟ್ಟು ಆರು ವರ್ಷದಿಂದ ಒಬ್ಬನೇ ಇದ್ದ. ಏಪ್ರಿಲ್ ಒಂದಕ್ಕೆ ಅವನಿಗೆ ಅಲ್ಲಿಗೇ ವರ್ಗ ಆಗುವುದಿತ್ತು. ಎಂಟನೆಯ ತಾರೀಕು ಮಗಳು ಪ್ರೌಢಶಾಲೆಗೆ ಸೇರುವ ಸಮಾರಂಭ. ಮಗಳ ಯಾವ ಸಮಾರಂಭಕ್ಕೂ ಹೋಗದ ಅಪ್ಪ ಈ ಸಲ ಮುಂದಿನ ಸಾಲಿನಲ್ಲಿ ಕೂರುತ್ತೇನೆಂದು ಮಾತು ಕೊಟ್ಟಿದ್ದ.

ಮುಖ್ಯ ಕಚೇರಿಯಿಂದ ಫೋನ್ ಬಂತು. ಹತ್ತು ಗಂಟೆಯೊಳಗೆ ಪ್ರಕಟಣೆ ಹೊರಡಬೇಕು. ಮೂವತ್ತೊಂದು ವರ್ಷದಲ್ಲಿ ನಮ್ಮ ಹಾರಾಟದಿಂದ ಒಂದು ಜೀವವೂ ಹೋಗಿಲ್ಲ ಎಂಬುದು ಅದರಲ್ಲಿ ಎದ್ದು ಕಾಣಬೇಕು. ಆಡಿನ ಮಾತು ಮಾತ್ರ ಎತ್ತಬಾರದು, ಎತ್ತಿದರೆ ಬೇಲಿಯ ಮಾತೂ ಹೊರಗೆ ಬರುತ್ತದೆ ಎಂದರು.

ಮೊರಿವಾಕಿ ಹೇಳಿದ್ದನ್ನು ಹೇಳಿದಂತೆಯೇ ಬರೆದ. ಎದುರಿನ ಬೆಂಚಿನ ಮೇಲೆ ಶಿಗೆ ಅಜ್ಜಿ ಉಮೆಯ ಹಗ್ಗವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅಳುತ್ತಿರಲಿಲ್ಲ. ಅವನ ಕೈಯನ್ನೇ ನೋಡುತ್ತಿದ್ದಳು.

"ಅಷ್ಟೆಲ್ಲ ಬರೀತಿದ್ದೀಯಲ್ಲಪ್ಪ, ಅವಳಿಗೂ ಒಂದು ಮಾತು ಬರಿ" ಎಂದಳು.

ಹೆಸರು ಹಾಕುವಂತಿಲ್ಲ, ಆಡು ಎನ್ನುವಂತಿಲ್ಲ. ಮೊರಿವಾಕಿ ಯೋಚಿಸಿ ಕೊನೆಗೆ ಒಂದು ಸಾಲು ಸೇರಿಸಿದ: 'ಅಗಲಿದ ಆತ್ಮಕ್ಕೆ ಶಾಂತಿ ದೊರೆಯಲೆಂದು ನಮ್ರವಾಗಿ ಪ್ರಾರ್ಥಿಸುತ್ತೇವೆ.' ಅಜ್ಜಿ ಓದಿಸಿ ಕೇಳಿ, ತಲೆಬಾಗಿ ನಮಸ್ಕರಿಸಿ ಹೋದಳು.

ಈ ಸಾಲನ್ನು ನಮ್ಮಲ್ಲಿ ಯಾರೂ ಹಗುರವಾಗಿ ಬರೆಯುವುದಿಲ್ಲ. ಮನುಷ್ಯರು ತೀರಿಕೊಂಡಾಗ ಮಾತ್ರ ಬರೆಯುವುದು. ಅದು ಮೊರಿವಾಕಿಗೆ ನೆನಪಾಗುವಷ್ಟರಲ್ಲಿ ಪ್ರಕಟಣೆ ಪತ್ರಿಕೆ, ಟಿವಿಗಳಿಗೆ ಹೊರಟುಹೋಗಿತ್ತು.

ಹನ್ನೊಂದಕ್ಕೆ ಅಂಚೆ ಕಚೇರಿಯ ಫುಮಿಕೊ ಕಪ್ಪು ಬಿಳಿ ದಾರ ಕಟ್ಟಿದ ಸಾವಿನ ಮನೆಗೆ ದುಡ್ಡಿಟ್ಟು ಕೊಡುವ ಲಕೋಟೆ ಹಿಡಿದು ಬಂದಳು. ಯಾವ ಮನೆಗೆ ಕೊಡಬೇಕೆಂಬುದು ಮಾತ್ರ ಗೊತ್ತಿರಲಿಲ್ಲ. ಯಾರು ಎಂದು ಪಿಸುಗುಟ್ಟಿದಳು. ಯಾರೂ ಇಲ್ಲ ಎಂದ ಮೊರಿವಾಕಿ. ಮೇಲಿನವರು ಬಾಯಿ ಕಟ್ಟಿದ್ದಾರೆ ಪಾಪ ಎಂದುಕೊಂಡು ಅವಳು ಕಣ್ಣೊರೆಸಿಕೊಂಡು ಹೋದಳು. ಅರ್ಧ ಗಂಟೆಯೊಳಗೆ ದ್ವೀಪವೆಲ್ಲ ಆರು ಪ್ರಯಾಣಿಕರ ಹೆಸರನ್ನು ಬೆರಳು ಮಡಿಸಿ ಎಣಿಸತೊಡಗಿತು. ಪೈಲಟ್ಟು ಒಳಗೆ ಕೂತು ನೂಡಲ್ಸ್ ತಿನ್ನುತ್ತ, ತಾನು ಬದುಕಿದ್ದೇನೆಂದು ಫೋನಿನಲ್ಲಿ ಹೆಂಡತಿಯನ್ನು ಒಪ್ಪಿಸುತ್ತಿದ್ದ.

ಅಷ್ಟರಲ್ಲಿ ನಿವೃತ್ತ ಮೇಷ್ಟರು ಟೊಕುನಾಗ ಬಂದರು. ಬೆಳಗಿನ ವಿಮಾನದಲ್ಲಿ ಇಳಿದವರು. ಸ್ನಾನಕ್ಕೆಂದು ಬಚ್ಚಲಿಗೆ ಹೋಗಿದ್ದಾಗ ಯಾರೋ ಅವರ ಬಾಗಿಲಲ್ಲಿ ಸತ್ತವರಿಗೆ ಇಡುವ ಬಿಳಿ ಸೇವಂತಿಗೆ ಇಟ್ಟು, ಕೈಮುಗಿದು ಹೋಗಿದ್ದರಂತೆ.

"ಮೊರಿವಾಕಿಯವರೇ, ತಪ್ಪು ತಿಳೀಬೇಡಿ. ತೀರಿಕೊಂಡದ್ದು ನಾನಲ್ಲ ತಾನೆ?" ಎಂದು ಕೇಳಿದರು.

ಅಲ್ಲ ಎಂದು ಹೇಳಿ ಮೊರಿವಾಕಿ ಚಹಾ ಕೊಟ್ಟ. ಮೇಷ್ಟರು ಅರ್ಧ ನಂಬಿಕೆಯಿಂದ ಕುಡಿದರು.

ಎರಡು ಗಂಟೆಯ ದೋಣಿಯಲ್ಲಿ ಟಿವಿಯವರು ಬಂದರು. ಅದೇ ದೋಣಿಯಲ್ಲಿ ಉಶಿಯೊ ಸಂಸ್ಥೆಯ ಅಧ್ಯಕ್ಷ ಕಾಮೆಯಾಮರೂ ಬಂದರು. ವಿಮಾನ ಸಂಸ್ಥೆಯ ಅಧ್ಯಕ್ಷರು ವಿಮಾನ ಬಿಟ್ಟು ದೋಣಿಯಲ್ಲಿ ಬಂದದ್ದನ್ನು ಟಿವಿಯವರು ದಡದಲ್ಲೇ ಚಿತ್ರೀಕರಿಸಿಕೊಂಡರು. ಅಧ್ಯಕ್ಷರ ಮುಖ ಉಪ್ಪಿನಕಾಯಿ ಪ್ಲಮ್ಮಿನಂತೆ ಸುಕ್ಕುಗಟ್ಟಿತ್ತು.

"ಸತ್ತದ್ದು ಬರೀ ಒಂದು ಆಡು ಅಂತ ನೀವೇ ನಿಂತು ಹೇಳಿ. ಹೇಳದಿದ್ರೆ ನಿಮ್ಮ ವರ್ಗಾವಣೆ ಮಾತು ಮರೆತುಬಿಡಿ" ಎಂದರು.

ಮೊರಿವಾಕಿ ನಿಲ್ದಾಣದಲ್ಲಿ ಸೇರಿದ್ದ ಜನರ, ಕ್ಯಾಮೆರಾಗಳ ಮುಂದೆ ಸೊಂಟ ಬಗ್ಗಿಸಿ ನಮಸ್ಕರಿಸಿ, "ಸತ್ತದ್ದು ಬರೀ..." ಎಂದು ಶುರುಮಾಡಿ ತಲೆಯೆತ್ತಿದ. ಮುಂದಿನ ಕುರ್ಚಿಯಲ್ಲಿ ಶಿಗೆ ಅಜ್ಜಿ ಕಪ್ಪು ಶೋಕದ ಉಡುಪು ತೊಟ್ಟು, ಜಪಮಾಲೆ ಹಿಡಿದು ಕೂತಿದ್ದಳು. 'ಬರೀ' ಎಂಬ ಮಾತನ್ನು ಅವನು ಅಲ್ಲಿಗೇ ಬಿಟ್ಟ.

"ಸತ್ತದ್ದು ಉಮೆ. ಹನ್ನೊಂದು ವರ್ಷ" ಎಂದುಬಿಟ್ಟ.

ಹಿಂದಿನ ಸಾಲಿನವರೆಲ್ಲ ಎದ್ದು ನಿಂತರು. ಮಗುವೇ, ಯಾರ ಮಗು ಎಂದು ಒಂದೇ ಸಮನೆ ಕೇಳಿದರು. ಆಡು ಎಂದ ಮೊರಿವಾಕಿ. ಎಲ್ಲರೂ ಕೂತರು. ಯಾರೋ ಒಬ್ಬರಿಗೆ ನಗು ಬಂತು.

ಆಗ ಶಿಗೆ ಅಜ್ಜಿ ಕೂತಲ್ಲಿಂದಲೇ ಅಧ್ಯಕ್ಷರನ್ನು ಕೇಳಿದಳು: "ಒಂದು ಜೀವವೂ ಹೋಗಿಲ್ಲ ಅಂತ ಬರೆಸಿದ್ದೀರಿ. ಹಾಗಾದ್ರೆ ಇಷ್ಟು ದಿನ ನನ್ನ ಹುಡುಗಿ ಒಳಗೆ ಇದ್ದದ್ದು ಏನು ಸ್ವಾಮಿ?"

ನಗು ನಿಂತಿತು. ಕ್ಯಾಮೆರಾಗಳೆಲ್ಲ ಅಧ್ಯಕ್ಷರ ಕಡೆ ತಿರುಗಿದವು. ಅಧ್ಯಕ್ಷರು ಮೂರ್ಖರಲ್ಲ. ಹಣೆ ಮೇಜಿಗೆ ತಾಗುವಷ್ಟು ಬಾಗಿ, ಬೇಲಿ ತಮ್ಮದೇ ತಪ್ಪೆಂದು ಒಪ್ಪಿಕೊಂಡು, ತಮ್ಮ ಸಂಸ್ಥೆಗೆ ಜೀವದಲ್ಲಿ ಹೆಚ್ಚು ಕಡಿಮೆ ಇಲ್ಲ, ತಮ್ಮ ಹಾರಾಟದಿಂದ ಹೋದ ಪ್ರತಿಯೊಂದು ಜೀವಕ್ಕೂ ಹೀಗೆಯೇ ಪ್ರಾರ್ಥಿಸುತ್ತೇವೆ ಎಂದರು. ಅಜ್ಜಿ ಕೈಮುಗಿದಳು. ಮೇಷ್ಟರು ಮೂಗೊರೆಸಿಕೊಂಡರು. ಮೊರಿವಾಕಿಗೆ ಹೋದ ಉಸಿರು ಬಂತು.

ಆಗ ಕೊನೆಯಲ್ಲಿ ಕೂತಿದ್ದ ವರದಿಗಾರ್ತಿಯೊಬ್ಬಳು ಬರೀ ಕುತೂಹಲದಿಂದ ಕೈಯೆತ್ತಿದಳು. ವಿಮಾನಕ್ಕೆ ಬಡಿದು ಸತ್ತ ಹಕ್ಕಿಗಳನ್ನೂ ಬರೆದಿಡುತ್ತೀರಾ ಎಂದು ಕೇಳಿದಳು.

ಇಡೀ ದಿನದಲ್ಲಿ ಸರಿಯಾದ ಉತ್ತರ ಗೊತ್ತಿದ್ದ ಪ್ರಶ್ನೆ ಅದೊಂದೇ. ಮೊರಿವಾಕಿ ಹೆಮ್ಮೆಯಿಂದ ಒಳಗೆ ಹೋಗಿ ದಪ್ಪ ದಾಖಲೆ ಪುಸ್ತಕ ತಂದ. ಮೂವತ್ತೊಂದು ವರ್ಷದ್ದೂ ಇತ್ತು. ದಿನಾಂಕ, ಗಾಳಿಯ ದಿಕ್ಕು, ಯಾವ ಹಕ್ಕಿ. ಎಂಟುನೂರ ಹನ್ನೆರಡು ಹಕ್ಕಿ, ನಾಲ್ಕು ಮೊಲ, ಒಂದು ಹಾವು. ಓದಿ ಮುಗಿಸಿ ಅಧ್ಯಕ್ಷರ ಮುಖ ನೋಡಿದಾಗಲೇ ಅವನಿಗೆ ತಾನು ಮಾಡಿದ್ದೇನೆಂದು ತಿಳಿದದ್ದು.

ಸಂಜೆಯ ದೋಣಿ ಹತ್ತುವ ಮುನ್ನ ಅಧ್ಯಕ್ಷರು ಅವನ ಭುಜ ತಟ್ಟಿದರು. ಕೋಪ ಇರಲಿಲ್ಲ, ಟಿವಿಯಲ್ಲಿ ಸಂಸ್ಥೆಗೆ ಒಳ್ಳೆಯ ಹೆಸರು ಬಂದಿತ್ತು.

"ಮಾತು ಕೊಟ್ಟಾಯ್ತು. ಆ ಪುಸ್ತಕದಲ್ಲಿರೋ ಒಂದೊಂದು ಜೀವಕ್ಕೂ ಬೇರೆ ಹಾಳೆ, ಕುಂಚದಲ್ಲೇ ಬರೀರಿ. ಆ ಸಾಲನ್ನ ನಿಮ್ಮಷ್ಟು ಚೆನ್ನಾಗಿ ಬರೆಯೋರು ನಮ್ಮಲ್ಲಿ ಯಾರಿದ್ದಾರೆ? ಅದು ಮುಗಿದ ಮೇಲೆ ವರ್ಗದ ವಿಷಯ ನೋಡೋಣ" ಎಂದರು.

ಮೊರಿವಾಕಿ ಮಗಳಿಗೆ ಫೋನ್ ಮಾಡಿದ. ಅವಳು ಟಿವಿ ನೋಡಿದ್ದಳು. "ಎಷ್ಟು ಹಕ್ಕಿ ಅಂದ್ರಿ ಅಪ್ಪ?" ಎಂದು ಕೇಳಿದಳು. ಅವನು ಹೇಳಿದ. ಹಾಗಾದ್ರೆ ಸಮಾರಂಭದ ಫೋಟೋ ಕಳಿಸ್ತೀನಿ ಎಂದಳು.

ಮೊರಿವಾಕಿ ಮಸಿ ತೇಯ್ದು ದಾಖಲೆಯ ಮೊದಲ ಪುಟ ತೆರೆದ. ಸಂಸ್ಥೆಯ ಮೊದಲ ಹಾರಾಟದ ದಿನ, ತೆಂಕಣ ಗಾಳಿ, ಒಂದು ಕವಲುತೋಕೆ ಹಕ್ಕಿ. ಅದೂ ಎಲ್ಲಿಂದಲೋ ತನ್ನ ಗೂಡಿಗೆ ಹೊರಟದ್ದೇ ಇರಬೇಕು. ಅವನು ಕುಂಚ ಕೆಳಗಿಟ್ಟು ಮೊದಲು ಕೈಮುಗಿದ, ಆಮೇಲೆ ಬರೆದ: ಅಗಲಿದ ಕವಲುತೋಕೆಯ ಆತ್ಮಕ್ಕೆ ಶಾಂತಿ ದೊರೆಯಲಿ.