ವಾಲ್ಟರನ ಹಸು

ಹುಚ್ಚೀರಯ್ಯ ಮೇಷ್ಟರ ಕಷ್ಟಕ್ಕೆಲ್ಲ ಮೂಲ, ಆರುನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಯಾರದೋ ಹೊಲ ಮೇಯ್ದ ಒಂದು ಹಸು.

ಮೈಸೂರಿನಿಂದ ತಂದ ಹಳೇ ಪುಸ್ತಕವೊಂದರಲ್ಲಿ ಅಲ್ಲಿನ ಜಮೀನುದಾರ ದೊರೆಗಳ ನ್ಯಾಯಸಭೆಯ ದಾಖಲೆಗಳನ್ನು ಇದ್ದ ಹಾಗೇ ಅಚ್ಚು ಹಾಕಿದ್ದರು. 'ವಾಲ್ಟರನ ಹಸು ದೊರೆಯ ಗೋಧಿ ಹೊಲಕ್ಕೆ ನುಗ್ಗಿತು, ದಂಡ. ಆಲಿಸಳ ಮೇಕೆಗಳು ನುಗ್ಗಿದವು, ದಂಡ.' ಓದಿದ ಮೇಲೆ ಮೇಷ್ಟರಿಗೆ ಅನ್ನ ರುಚಿಸಲಿಲ್ಲ. ಹಸು ತಾನಾಗಿ ನುಗ್ಗಿತೋ, ವಾಲ್ಟರನೇ ಅಟ್ಟಿದನೋ? ಬರೆದವನು ದೊರೆಯ ಗುಮಾಸ್ತ. ವಾಲ್ಟರ್ ಏನೆಂದನೆಂದು ಬರೆದವರು ಯಾರು? ರಾಜರ ಪಟ್ಟಿ ಉರು ಹೊಡೆಸುವ ಬದಲು ಮಕ್ಕಳನ್ನು ಹೀಗೆ ಕೇಳಬೇಕು, ಅದು ಇತಿಹಾಸ ಎಂದುಕೊಂಡರು.

ಹೆಂಡತಿ ದೇವಿರಮ್ಮನದು ಒಂದೇ ಮಾತು: ಏನಾದರೂ ಪಾಠ ಮಾಡಿ, ಊರವರ ಜೊತೆ ಜಗಳ ಬೇಡ. ಬಾಯಿ ಸುಮ್ಮನಿರದೆ ಎರಡು ವರ್ಷದಲ್ಲಿ ಮೂರು ಸಲ ವರ್ಗವಾಗಿ, ಹಸು ಕರು ಹೊಡೆದುಕೊಂಡು ಹಲಗೂರಿನಿಂದ ಮದ್ದೂರಿನ ಮಗ್ಗುಲ ಈ ಹಳ್ಳಿಗೆ ಬಂದು ಎರಡು ತಿಂಗಳಾಗಿತ್ತಷ್ಟೆ. ಇನ್ನೊಂದು ವರ್ಗ ಆದರೆ ತಾನು ತವರಿಗೆ ಹೊರಡುವುದೇ ಸೈ ಎಂದು ಆಕೆ ಹೇಳಿಬಿಟ್ಟಿದ್ದರು.

ಸೋಮವಾರ ಬೆಳಗ್ಗೆ ಮೇಷ್ಟರು ಪಾಠ ಬರೆದರು. ಮಕ್ಕಳು ಗೋಧಿ ಕಂಡವರಲ್ಲ. ಗೋಧಿ ಹೊಲ ಕಬ್ಬಿನ ಗದ್ದೆಯಾಯಿತು, ದೊರೆ ಪಟೇಲರಾದರು. ನಾಲಿಗೆ ತಿರುಗದ ವಾಲ್ಟರ್ ದೊಡ್ಡಸಿದ್ದಯ್ಯನಾದ, ಆಲಿಸ್ ಮಂಚಮ್ಮನಾದಳು. ಎಡಮನೆ ಬಲಮನೆಯವರ ಹೆಸರು ಬಾಯಿಗೆ ಬಂದಿತ್ತು, ಅಷ್ಟೇ. ಯುದ್ಧದ ಕಾಲ, ಕಾಗದ ಸಿಗದು. ಹಳೇ ಕ್ಯಾಲೆಂಡರಿನ ಬೆನ್ನಿಗೆ ದಪ್ಪಕ್ಷರದಲ್ಲಿ ಬರೆದು ಶಾಲೆ ಗೋಡೆಗೆ ಅಂಟಿಸಿದರು.

ಮಧ್ಯಾಹ್ನ ಮಕ್ಕಳು ಮನೆಗೆ ಉಣ್ಣಲು ಹೋಗಿದ್ದೇ ತಡ, ದೊಡ್ಡಸಿದ್ದಯ್ಯ ಮುದ್ದೆ ಮೆತ್ತಿದ ಕೈಯಲ್ಲೇ ಬಂದ.

"ನಮ್ಮ ಅಸ ಕಬ್ ಮೇಯ್ತು ಅಂತ ನಿಮ್ಗೆ ಯಾರೇಳುದ್ರು ಮೇಷ್ಟ್ರೇ? ಮೊದ್ಲು ಅದ್ನೇಳಿ."

ಮೇಷ್ಟರು ಇಂಗ್ಲೆಂಡಿನ ಕತೆಯನ್ನೆಲ್ಲ ಬಿಡಿಸಿ ಹೇಳಿದರು. ದೊಡ್ಡಸಿದ್ದಯ್ಯ ಕುತೂಹಲದಿಂದ ಕೇಳಿದ. ಅವರು ಉಳುವುದು ಎತ್ತಿನಲ್ಲೋ ಕುದುರೆಯಲ್ಲೋ, ಕೊಯ್ಲಿನ ದಿನ ದೊರೆ ಊಟ ಹಾಕುತ್ತಿದ್ದನೋ ಎಂದು ವಿಚಾರಿಸಿದ. ಕೊನೆಗೆ, ಅದೆಲ್ಲಾ ಸರಿ, ಹೆಸರು ಅಳಿಸಿ ಎಂದ.

ಅವನ ಬೆನ್ನಿಗೇ ಮಂಚಮ್ಮ. ಅವಳೂ ಮೊದಲು ಕೇಳಿದ್ದು ಯಾರು ಹೇಳಿದರು ಎಂದೇ. ಹೆಸರು ತೆಗೆಯುವ ತನಕ ಶಾಲೆ ಮೆಟ್ಟಿಲು ಬಿಟ್ಟು ಏಳುವುದಿಲ್ಲ ಎಂದು ಕೂತಳು. ಮೇಷ್ಟರು ಲಿಂಗಯ್ಯ ಎಂದು ತಿದ್ದಿದರೆ ಲಿಂಗಯ್ಯ ಬಂದ, ಚಿಕ್ಕಬೋರಮ್ಮ ಎಂದರೆ ಚಿಕ್ಕಬೋರಮ್ಮ ಸೊಸೆಯರ ಸಮೇತ ಬಂದಳು. ಯಾರ ಹೆಸರು ಬರೆದರೆ ಯಾರಿಗೂ ಸಿಟ್ಟು ಬಾರದು ಎಂದು ಮೇಷ್ಟರು ಯೋಚಿಸಿ ಯೋಚಿಸಿ, ಹಳೇ ಹಾಳೆ ಕಿತ್ತು ಹುಡುಗನೊಬ್ಬನ ಕೈಯಲ್ಲಿ ಮನೆಗೆ ಕಳಿಸಿ, ಹೊಸ ಹಾಳೆಯಲ್ಲಿ ಬರೆದರು: 'ಹುಚ್ಚೀರಯ್ಯನ ಹಸು ಪಟೇಲರ ಕಬ್ಬಿನ ಗದ್ದೆಗೆ ನುಗ್ಗಿತು, ದಂಡ.'

ಊರು ತಣ್ಣಗಾಯಿತು. ಜಗಳ ತಪ್ಪಿತೆಂದು ಮೇಷ್ಟರಿಗೆ ನಿಜವಾಗಿ ಸಂತೋಷವಾಯಿತು.

ಸಂಜೆ ಮನೆಗೆ ಬಂದರೆ ಕೊಟ್ಟಿಗೆಯಲ್ಲಿ ಕರು ಒಂದೇ ಅರಚುತ್ತಿತ್ತು. ಜಗಲಿಯ ಮೇಲೆ ಪಟೇಲ ಕರಿಸಿದ್ದಯ್ಯ, ತೊಡೆಯ ಮೇಲೆ ಶಾಲೆ ಗೋಡೆಯ ಹಾಳೆ. ಅಂಗಳದಲ್ಲಿ ದೊಡ್ಡಸಿದ್ದಯ್ಯ, ಮಂಚಮ್ಮ. ಒಂದು ತಿಂಗಳಿಂದ ಪಟೇಲರ ಕಬ್ಬನ್ನು ತುಡುಗು ದನ ಮೇಯುತ್ತಿತ್ತಂತೆ, ಯಾರದೆಂದು ಗೊತ್ತಾಗಿರಲಿಲ್ಲವಂತೆ. ಇವತ್ತು ಗೊತ್ತಾಯಿತು, ಹಸು ತುಡುಗು ದನ ಕೂಡುವ ಮದ್ದೂರಿನ ದೊಡ್ಡಿಗೆ ಹೋಯಿತು.

ಮೇಷ್ಟರು ವಾಲ್ಟರನಿಂದ ಹಿಡಿದು ಎಲ್ಲವನ್ನೂ ಮತ್ತೆ ಹೇಳಿದರು. ಪಟೇಲರು ತಾಳ್ಮೆಯಿಂದ ಕೇಳಿದರು.

"ಇಂಗ್ಲೆಂಡಿನ್ ಇಸ್ಯ ನಂಗೊತ್ತಿಲ್ಲ. ಅಕ್ಸರ ನಿಮ್ದೇ ತಾನೆ? ಬ್ಯಾರೇರ್ ಮ್ಯಾಲೆ ಬರ್ದಿದ್ರೆ ಸುಳ್ಳು ಅನ್ಬೋದಿತ್ತು. ತನ್ ಮ್ಯಾಲೆ ತಾನೇ ಸುಳ್ ಬರ್ಕೊಳೋ ಮನ್ಸನ್ನ ನಾ ಎಲ್ಲೂ ಕಂಡಿಲ್ಲ. ನಾಳೆ ಇಸ್ಕೂಲ್ ಇನ್‌ಸ್ಪೆಟ್ರಿಗೂ ಇದ್ನೇ ಕಳುಸ್ತೀನಿ."

ದಾಖಲೆಯನ್ನು ಓದಬೇಕಾದ ರೀತಿಯೇ ಅದು. ತಪ್ಪು ಹಿಡಿಯುವ ಹಾಗಿರಲಿಲ್ಲ. ಮೇಷ್ಟರು ತಿರುಗಿ ನೋಡಿದರು. ದೊಡ್ಡಸಿದ್ದಯ್ಯ ಮಾಡಿನ ಹೆಂಚು ನೋಡುತ್ತಿದ್ದ, ಮಂಚಮ್ಮ ಕಾಲುಂಗುರ ತಿರುಗಿಸುತ್ತಿದ್ದಳು. ಬಂದವರೆಲ್ಲ ಸುಳ್ಳು ಎನ್ನುವ ಮೊದಲು ಯಾರು ಹೇಳಿದರು ಎಂದೇಕೆ ಕೇಳಿದರು ಎಂಬುದು ಮೇಷ್ಟರಿಗೆ ಆಗ ಹೊಳೆಯಿತು.

ಪಟೇಲರು ನ್ಯಾಯವಂತರು. ಏಳುವ ಮುಂಚೆ ಕೇಳಿದರು: "ಬ್ಯಾರೇರ್ ದನ ಮೇಯ್ದೋ ಅಂತ ಎಲ್ಲಾದ್ರೂ ಬರ್ದದಾ? ಇದ್ರೆ ತೋರ್ಸಿ, ನೋಡಾನ."

"ಬರೆದಿತ್ತು," ಎಂದರು ಮೇಷ್ಟರು ಆಸೆಯಿಂದ, ಒಳಗೆ ಕೂಗಿದರು. "ಮಧ್ಯಾಹ್ನ ಕಳಿಸಿದ್ದ ಆ ಹಳೇ ಹಾಳೆ ಎಲ್ಲೇ?"

"ಒಲೆಗಾಕು ಅಂತ ನೀವೇ ಏಳ್ಕಳ್ಸಿದ್ರಲ್ಲ," ಎಂದರು ದೇವಿರಮ್ಮ ಬಚ್ಚಲಿನಿಂದ. "ನೀರು ಕಾದದೆ, ಬನ್ನಿ."