ನನ್ನ ನೀಲಿ ದಾರ ನುಂಗಿದ ದೊರೆಸಾನಿ ಕೋಳಿಯವರಿಗೆ

ಮಾನ್ಯ ದೊರೆಸಾನಿಯವರೇ,

ಹಿತ್ತಿಲ ಗೂಡಿನಲ್ಲಿ ಯಾವಾಗಲೂ ಎತ್ತರದ ಜಾಗವನ್ನೇ ಹಿಡಿಯುವ, ಬೂದು ಬಣ್ಣದ, ಠೀವಿಯ ನಡಿಗೆಯ ತಮಗೆ, ಅದೇ ಮನೆಯ ಮುಂಭಾಗದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ಬಡಪಾಯಿ ದರ್ಜಿಯ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ಹಾಗೆ ನಂಬುವಂತೆ ತಾವು ಬಹಳ ಚೆನ್ನಾಗಿ ನಟಿಸುತ್ತೀರಿ, ನನ್ನ ದೂರು ಇರುವುದೇ ಆ ನಟನೆಯ ಮೇಲೆ.

ತಮ್ಮ ಒಡತಿ, ಅಂದರೆ ನನ್ನ ಅಕ್ಕ, ಮಂಡಿ ಆಪರೇಷನ್ನಿಗೆ ಒಪ್ಪಿದ್ದೇ ತಮಗೆ ಮೇವು ಹಾಕಲು ಬಗ್ಗಲಾಗುತ್ತಿಲ್ಲವೆಂಬ ಕಾರಣಕ್ಕೆ. ಆಸ್ಪತ್ರೆಗೆ ಹೊರಟವಳು ಬೀಗದ ಕೈ ಬಗ್ಗೆ ಹೇಳಲಿಲ್ಲ, ನನ್ನ ಊಟದ ಬಗ್ಗೆ ಕೇಳಲಿಲ್ಲ. ಆಟೋ ಹತ್ತುವ ಮುಂಚೆ ನನ್ನ ಕೈ ಹಿಡಿದುಕೊಂಡು, "ನಾನು ಬರೋವಾಗ ಮೂರು ಕೋಳೀನೂ ಇರ್ಬೇಕು ಕಣೋ," ಎಂದಳು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತೇನೆಂದು ನಾನು ಮಾತು ಕೊಟ್ಟೆ.

ಕಾದೆ ಕೂಡ. ತಮ್ಮ ಸಹವಾಸಿ ಕೆಂಪಿಯವರು ಗೂಡಿನ ಮೂಲೆ ಬಿಟ್ಟು ಏಳದೆ, ಮೈ ಉಬ್ಬಿಸಿ ಗುರ್ರೆಂದಾಗ ಚಳಿಜ್ವರವೆಂದು ತಿಳಿದು ಫ್ಲಾನೆಲ್ ಬಟ್ಟೆ ಹೊದಿಸಿದೆ, ಕೈ ಕುಕ್ಕಿಸಿಕೊಂಡೆ. ಮತ್ತೊಬ್ಬ ಸಹವಾಸಿ ಜುಟ್ಟಿಯವರ ಗರಿಗಳು ಉದುರಿ ಕತ್ತು ಬೋಳಾದಾಗ ಗಿರಾಕಿಗಳ ಬಟ್ಟೆ ಬದಿಗಿಟ್ಟು, ಅವರ ಅಳತೆ ತೆಗೆದು, ಎರಡು ರೆಕ್ಕೆಗೂ ತೂತು ಬಿಟ್ಟು ಒಂದು ಅಂಗಿ ಹೊಲಿದೆ. ತೊಡಿಸಿದಾಗ ಅವರು ಬೀದಿಗೆಲ್ಲ ಕೇಳುವಂತೆ ಕಿರುಚಿದರು. ಆಮೇಲೆ ತಿಳಿದದ್ದೇನೆಂದರೆ, ಕೆಂಪಿಯವರು ಕಾವಿಗೆ ಕೂತಿದ್ದರು, ಜುಟ್ಟಿಯವರು ಹಳೆ ಗರಿ ಉದುರಿಸಿ ಹೊಸದು ಬೆಳೆಸಿಕೊಳ್ಳುತ್ತಿದ್ದರು. ಆಗ ಎಳೆಗರಿಯ ಬುಡ ಮುಟ್ಟಿದರೂ ನೋವಂತೆ. ಇಬ್ಬರಿಗೂ ಯಾವ ಕಾಯಿಲೆಯೂ ಇರಲಿಲ್ಲ.

ಕಾಯಿಲೆ ಇದ್ದದ್ದು ತಮಗೆ. ಆದರೆ ತಾವು ಎಂಥ ಘನತೆಯವರು! ನಾನು ಮೇವಿನ ತಟ್ಟೆ ಹಿಡಿದು ಬಂದರೆ ಸಾಕು, ಎಲ್ಲರಿಗಿಂತ ಮುಂದೆ ಬಂದು ನೆಲ ಕುಕ್ಕುವಿರಿ. ಕೊಕ್ಕು ನೆಲಕ್ಕೆ ತಾಗುತ್ತಿತ್ತು, ಕಾಳು ಮಾತ್ರ ಅಲ್ಲೇ ಉಳಿಯುತ್ತಿತ್ತು. ನನ್ನ ಬೆನ್ನು ಕಂಡ ಕೂಡಲೇ ಗೋಡೆ ಬದಿಗೆ ಹೋಗಿ ಕಣ್ಣು ಮುಚ್ಚಿ ನಿಲ್ಲುವಿರಿ. ಜುಟ್ಟು ಬಿಳುಚಿತ್ತು, ಬಾಲ ಜೋತುಬಿದ್ದಿತ್ತು, ಹಿಕ್ಕೆ ತೀರಾ ಕಡಿಮೆಯಾಗಿತ್ತು, ಮತ್ತು ನಾನು ಮೂರ್ಖ, ಆಗ ಅಂಗಿಗೆ ಗುಂಡಿ ಹಚ್ಚುತ್ತಿದ್ದೆ. ತಮ್ಮನ್ನು ಎತ್ತಿಕೊಂಡಾಗಲೇ ಎದೆಯ ಮೇಲೆ, ಕತ್ತಿನ ಬುಡದಲ್ಲಿ, ಕಲ್ಲಿನಂಥ ಗಂಟು ಕೈಗೆ ಸಿಕ್ಕಿದ್ದು.

ಪಶುವೈದ್ಯೆಯವರು ತಮ್ಮ ವಕೀಲರಂತೆ ಮಾತಾಡಿದರು. ಸೋತಂತೆ ಕಂಡವರನ್ನು ಉಳಿದ ಕೋಳಿಗಳೇ ಕುಕ್ಕುತ್ತವಂತೆ, ಆದ್ದರಿಂದ ತಮ್ಮ ಕುಲದವರು ಕೈ ಮೀರುವವರೆಗೂ ಕಾಯಿಲೆ ತೋರಿಸುವುದಿಲ್ಲವಂತೆ. ತಿಂದದ್ದು ಮೊದಲು ಸೇರುವ, ಕತ್ತಿನ ಬುಡದ ಆ ಮೇವಿನ ಚೀಲ ಬೆಳಿಗ್ಗೆ ಏಳುವಷ್ಟರಲ್ಲಿ ಖಾಲಿಯಾಗಿರಬೇಕಂತೆ. ಗಟ್ಟಿಯಾಗೇ ಉಳಿದರೆ ಏನೋ ಸಿಕ್ಕಿಕೊಂಡಿದೆ ಎಂದರ್ಥವಂತೆ. ಅವರು ಹೇಳಿದಂತೆ ತಮ್ಮನ್ನು ಬೇರೆ ಇರಿಸಿ, ಮೇವು ನಿಲ್ಲಿಸಿ, ನೀರಿಟ್ಟು, ಅವರು ಕೊಟ್ಟಷ್ಟೇ ಎಣ್ಣೆ ಹನಿಸಿ, ಹಗುರವಾಗಿ ನೀವಿದೆ. ಹೆತ್ತ ತಾಯಿಯ ಕಾಲನ್ನೂ ನಾನು ಅಷ್ಟು ಭಕ್ತಿಯಿಂದ ಒತ್ತಿರಲಿಲ್ಲ. ಗಂಟು ಕರಗಲಿಲ್ಲ. ಕೊನೆಗೆ ಅವರು ಆ ಜಾಗ ಮರಗಟ್ಟಿಸಿ, ಚೀಲ ಕೊಯ್ದು, ಚಿಮುಟದಿಂದ ಎಳೆಯತೊಡಗಿದರು.

ಬಂದದ್ದು ದಾರ. ಶಾಲೆಯ ಸಮವಸ್ತ್ರಕ್ಕೆಂದು ತಂದಿದ್ದ ನೀಲಿ ದಾರ, ಎಳೆದಷ್ಟೂ ಬಂತು. ಇದೆಲ್ಲಿ ಸಿಕ್ಕಿತು ಇವಳಿಗೆ ಎಂದು ವೈದ್ಯೆಯವರು ಕೇಳಿದರು. ನನಗೇನು ಗೊತ್ತು ಡಾಕ್ಟ್ರೇ ಎಂದೆ. ಅವರು ನನ್ನ ಅಂಗಿಯ ತೋಳಿನ ಮೇಲೆ ಅಂಟಿದ್ದ ಅದೇ ನೀಲಿ ಎಳೆಯನ್ನು ಚಿಮುಟದಿಂದಲೇ ತೆಗೆದು, ಉಳಿದದ್ದರ ಪಕ್ಕದಲ್ಲಿಟ್ಟರು. ಆಮೇಲೆ ಅವರು ಹಾಕಿದ ಹೊಲಿಗೆ ನನ್ನದಕ್ಕಿಂತ ಸಣ್ಣದಾಗಿತ್ತು, ಅದನ್ನೂ ನೋಡಿಕೊಂಡು ನಿಲ್ಲಬೇಕಾಯಿತು.

ಆಸ್ಪತ್ರೆಗೆ ಹೋಗಿ ಅಕ್ಕನ ಮುಂದೆ ತಮ್ಮ ಕಳ್ಳತನವನ್ನು ಸವಿಸ್ತಾರವಾಗಿ ಬಣ್ಣಿಸಿದೆ. ಅಂಗಡಿಯ ಕಸ ಏನು ಮಾಡಿದೆ ಎಂದು ಕೇಳಿದಳು. ಹಿಂಬಾಗಿಲಿಂದ ಕಾಲಲ್ಲೇ ಹಿತ್ತಿಲಿಗೆ ತಳ್ಳಿದೆ, ಇನ್ನೇನು ಮಾಡುವುದು ಎಂದೆ. ಅವಳು, "ದಿನಾ ಸಂಜೆ ನಾನು ನೆಲಕ್ಕೆ ಬಗ್ಗಿ ದಾರ ಹೆಕ್ತಿದ್ದೆನಲ್ಲ, ಯಾಕೆ ಅಂದ್ಕೊಂಡಿದ್ದೆ?" ಎಂದಳು. ಮಡಿ ಜಾಸ್ತಿಯಾಗಿ ಮಂಡಿ ಸವೆಸಿಕೊಂಡಳು ಎಂದು ನಾನು ಬಂದ ಗಿರಾಕಿಗಳಿಗೆಲ್ಲ ಹೇಳಿ ನಗಿಸುತ್ತಿದ್ದೆ. ಅವಳ ಎದುರೇ ಹೇಳುತ್ತಿದ್ದೆ.

ಈಗ ನನ್ನ ಮನವಿಗೆ ಬರುತ್ತೇನೆ. ಮುಂದೆ ತಮಗೆ ಕಾಯಿಲೆ ಬಂದರೆ ಆ ಕ್ಷಣವೇ ಅಂಗಡಿಯ ಬಾಗಿಲಿಗೆ ಬಂದು, ಗಿರಾಕಿಗಳ ಎದುರು ಬೇಕಾದರೂ ಸರಿ, ನರಳಬೇಕಾಗಿ ವಿನಂತಿ. ಸೀನು ಬಂದರೆ ಧಾರಾಳವಾಗಿ ಸೀನಿ, ಕುಂಟು ಬಂದರೆ ನಾಚಿಕೆಯಿಲ್ಲದೆ ಕುಂಟಿ. ಹುಳಕ್ಕೂ ದಾರಕ್ಕೂ ಇರುವ ವ್ಯತ್ಯಾಸವನ್ನು ಕಲಿತುಕೊಳ್ಳಿ. ಅಷ್ಟು ಆಗದಿದ್ದರೆ, ನೋವನ್ನು ನುಂಗಿಕೊಂಡು ಕೆಲಸ ಮಾಡುವ ಈ ಕೆಟ್ಟ ಚಾಳಿಯನ್ನಾದರೂ ಬಿಡಿ. ಈ ಮನೆಯಲ್ಲಿ ಅದನ್ನು ಯಾರಿಂದ ಕಲಿತಿರೆಂದು ನನಗೆ ಗೊತ್ತಾಗಿದೆ.

ಹೊಲಿಗೆ ಬಿಚ್ಚಿಸಿಕೊಂಡು ಮತ್ತೆ ಮೇಲಿನ ಜಾಗ ಹಿಡಿದಿರುವ ತಮಗೆ ಶುಭವಾಗಲಿ.

ತಮ್ಮ ನಟನೆಯನ್ನು ಇನ್ನೆಂದೂ ನಂಬದ, ಆದರೂ
ತಮ್ಮ ವಿಶ್ವಾಸಿ,
ಮುಂಭಾಗದ ದರ್ಜಿ

ತಾ.ಕ.: ಅಕ್ಕ ಮನೆಗೆ ಬಂದಿದ್ದಾಳೆ. ಮೂವರನ್ನೂ ಕಂಡು, ಜುಟ್ಟಿಯವರ ಅಂಗಿ ನೋಡಿ ನಕ್ಕಳು. ಕಸ ಈಗ ನಾನೇ ಗುಡಿಸುತ್ತೇನೆ, ಒಂದು ಎಳೆಯೂ ಉಳಿದಿಲ್ಲವೆಂದು ನಿನ್ನೆ ಸಂಜೆ ಜಂಬವನ್ನೂ ಕೊಚ್ಚಿಕೊಂಡೆ. ತಾವು ಅದೇ ಹೊತ್ತಿಗೆ ಬಂದು, ಅವಳು ನೋಡುತ್ತಿದ್ದ ಹಾಗೆಯೇ ನನ್ನ ಚಪ್ಪಲಿಯನ್ನು ಕುಕ್ಕಿದಿರಿ. ಅಟ್ಟೆಯ ಅಂಚಿನಲ್ಲಿ ನೀಲಿ ದಾರ. ಅಕ್ಕ ಕುರ್ಚಿಯ ಕೈ ಹಿಡಿದು ಏಳಲು ಹೊರಟಳು. ಅವಳಿಗಿಂತ ಮೊದಲು ನಾನು ಬಗ್ಗಿದೆ.