ಹಾಲು ಕುಡಿದ ಪುಸ್ತಕ

ಚೆಂದವಾದದ್ದನ್ನು ನಾವು ಒಂದು ಸಲ ನೋಡಿ, ಆಹಾ ಎಂದು ಮುಂದಕ್ಕೆ ಹೋಗುತ್ತೇವೆ. ಮೈ ಜುಮ್ಮೆನ್ನಿಸುವುದನ್ನು ಮಾತ್ರ ಎರಡನೆಯ ಸಲ ನೋಡದೆ ಬಿಡುವುದಿಲ್ಲ. ನವಿಲು ಕಂಡರೆ ಮಕ್ಕಳು ಚಪ್ಪಾಳೆ ತಟ್ಟಿ ಆಟಕ್ಕೆ ಮರಳುತ್ತಾರೆ. ಅದೇ ಬಚ್ಚಲಿನ ಮೂಲೆಯಲ್ಲಿ ಒಂದು ಜರಿ ಕಾಣಿಸಿಕೊಳ್ಳಲಿ, ಕಿರುಚಿಕೊಂಡು ಓಡಿದವರೇ ಸ್ವಲ್ಪ ಹೊತ್ತಿಗೆ ಬಾಗಿಲ ಸಂದಿಯಿಂದ ಇಣುಕಿ, ಇನ್ನೂ ಇದೆಯಾ ಎಂದು ಕೇಳುತ್ತಾರೆ. ಹೋಯಿತು ಎಂದರೆ ಮುಖ ಬಾಡುತ್ತದೆ. ಇದು ನನ್ನ ಸ್ವಂತ ಸಂಶೋಧನೆ. ಎಲ್ಲವನ್ನೂ ತಾರೀಖು ಹಾಕಿ ಬರೆದಿಡುವ ಚಟ ನನಗಿದೆ. ಮಳೆ ಬಂದದ್ದು, ಬಸ್ಸು ಬಾರದೆ ಹೋದದ್ದು, ನಮ್ಮ ಅಡಿಗೆಮನೆಯ ಹಲ್ಲಿ ಬಾಲ ಕಳೆದುಕೊಂಡದ್ದು, ಆ ಬಾಲ ಮತ್ತೆ ಚಿಗುರಿದ್ದು, ಎಲ್ಲಕ್ಕೂ ನನ್ನ ದಿನಚರಿಯಲ್ಲಿ ಜಾಗವುಂಟು. ಮದುವೆಗೆ ಬಂದ ಹುಡುಗ ಹಲ್ಲಿಯ ಬಾಲದ ಲೆಕ್ಕ ಇಡುವುದನ್ನು ಕಂಡು ನಮ್ಮಜ್ಜಿ ಎಷ್ಟೋ ಸಲ ಹಣೆ ಚಚ್ಚಿಕೊಂಡಿದ್ದಾಳೆ.

ಆಗ ನಾನು ಯಲಹಂಕದ ಒಂದು ಮಿಡ್ಲ್ ಸ್ಕೂಲಿನಲ್ಲಿ ಹೊಸ ಮೇಷ್ಟರು. ಮನೆ ಅಟ್ಟೂರಿನಲ್ಲಿ, ಮನೆಯಲ್ಲಿ ಅಜ್ಜಿ ಮತ್ತು ನಾನು ಇಬ್ಬರೇ. ಸ್ಕೂಲಿನ ಪುಸ್ತಕ ಭಂಡಾರವೆಂದರೆ ಹೆಡ್ಮಾಸ್ಟರ ಕೋಣೆಯಲ್ಲಿದ್ದ ಒಂದು ಬೀರು. ಹೊಸಬನಿಗೆ ಇಲ್ಲವೆನ್ನಲು ಬಾಯಿ ಬರುವುದಿಲ್ಲವಾದ್ದರಿಂದ ಅದರ ಬೀಗದ ಕೈ ನನ್ನ ಪಾಲಿಗೆ ಬಂದಿತ್ತು. ಬೀರುವಿನ ತುಂಬ ನೀತಿಕಥೆಗಳು ಮತ್ತು ಮಹಾಪುರುಷರ ಚರಿತ್ರೆಗಳು. ಮಹಾಪುರುಷರೆಲ್ಲರೂ ಚಿಕ್ಕಂದಿನಲ್ಲಿ ಬೀದಿದೀಪದ ಕೆಳಗೆ ಕೂತು ಓದಿದವರು. ನಮ್ಮ ಮಕ್ಕಳ ಊರುಗಳಲ್ಲಿ ಬೀದಿದೀಪವೇ ಇಲ್ಲದ್ದರಿಂದ, ಮಹಾಪುರುಷರಾಗುವ ಜವಾಬ್ದಾರಿ ತಮಗಿಲ್ಲ ಎಂದು ಅವರು ನೆಮ್ಮದಿಯಾಗಿದ್ದರು.

ಆ ವರ್ಷ ಹೊಸ ಪುಸ್ತಕವೊಂದನ್ನು ಆರಿಸಿ ತರುವ ಕೆಲಸ ನನಗೆ ಬಂತು. ಬೆಂಗಳೂರು ಪೇಟೆಯ ಪುಸ್ತಕದಂಗಡಿಯಲ್ಲಿ ಒಂದು ಮಧ್ಯಾಹ್ನವೆಲ್ಲ ನಿಂತು ನಾನು ಆರಿಸಿದ್ದು, ಕಂಡರೆ ಜನ ದೂರ ಸರಿಯುವ ಪ್ರಾಣಿಗಳ ಬಗ್ಗೆ ಮಕ್ಕಳಿಗಾಗಿ ಬರೆದ ಪುಸ್ತಕ. ಕಥೆಯಲ್ಲ, ಎಲ್ಲ ನಿಜ ಸಂಗತಿ. ತಾಯಿ ಚೇಳು ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಬಾವಲಿ ಕತ್ತಲಲ್ಲಿ ಕಿವಿಯಿಂದ ದಾರಿ ಹುಡುಕುತ್ತದೆ. ಹಾವಿಗೆ ಕಣ್ಣಿನ ರೆಪ್ಪೆಯಿಲ್ಲ, ಆದ್ದರಿಂದ ಅದು ನಮ್ಮನ್ನು ದುರುಗುಟ್ಟಿ ನೋಡುತ್ತಿದೆ ಎಂದು ಬೇಸರಪಟ್ಟುಕೊಳ್ಳಬಾರದು. ಹೀಗೆ ಪುಟಪುಟಕ್ಕೂ ಬಣ್ಣದ ಚಿತ್ರ. ರಟ್ಟಿನ ಮೇಲೆ ಹೆಡೆಯೆತ್ತಿದ ನಾಗರಹಾವು, ಪುಸ್ತಕ ಹಿಡಿದವನನ್ನೇ ನೋಡುತ್ತಿತ್ತು.

ತರಗತಿಯಲ್ಲಿ ಅದನ್ನು ಬಿಡಿಸಿದ ದಿನ ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದರು. ಅದುವರೆಗೆ ನನ್ನ ಪಾಠಕ್ಕೆ ಅಷ್ಟೊಂದು ಕಣ್ಣುಗಳು ತೆರೆದಿದ್ದನ್ನು ನಾನು ಕಂಡಿರಲಿಲ್ಲ. ಆದರೆ ಮನೆಗೆ ಒಯ್ಯಿರಿ ಎಂದರೆ ಯಾರೂ ಕೈ ಚಾಚಲೊಲ್ಲರು. ಒಬ್ಬ ಹುಡುಗ ಮಾತ್ರ ಧೈರ್ಯ ಮಾಡಿ ಒಯ್ದ. ಮಾರನೆಯ ಬೆಳಿಗ್ಗೆ ಅವನ ತಂದೆ ಮುನಿಶಾಮಪ್ಪ ಒಂದು ಗೋಣಿಚೀಲದ ಬಾಯಿ ಕಟ್ಟಿ, ಅದನ್ನು ಮೈಗೆ ತಾಕದಂತೆ ಕೈಯುದ್ದಕ್ಕೆ ಹಿಡಿದುಕೊಂಡು ಸ್ಕೂಲಿಗೆ ಬಂದ. ಒಳಗೆ ನನ್ನ ಪುಸ್ತಕವಿತ್ತು.

"ತಗಳಿ ಮೇಷ್ಟ್ರೆ ನಿಮ್ಮಾವು," ಎಂದ. "ಮಗ್ಳು ಬಸುರಿ, ಎರಿಗೆಗೆ ಬಂದವ್ಳೆ. ಇಂತಾ ಪಟ ಅವ್ಳ ಕಣ್ಣಿಗೆ ಬೀಳಬಾರ್ದು."

ಚೀಲ ಬಿಚ್ಚುವಾಗ ಅವನು ಎರಡು ಹೆಜ್ಜೆ ಹಿಂದಕ್ಕೆ ಸರಿದು ನಿಂತ. ನಿಜ ಹೇಳಬೇಕೆಂದರೆ, ಅವನು ಹಿಂದಕ್ಕೆ ಸರಿದ ರೀತಿ ಕಂಡು ನಾನೂ ಒಳಗೆ ಒಮ್ಮೆ ಇಣುಕಿ ನೋಡಿಯೇ ಕೈ ಹಾಕಿದೆ.

ಇದೆಲ್ಲ ಹೆಡ್ಮಾಸ್ಟರ ಕಿವಿಗೆ ಬೀಳದೆ ಇರುತ್ತದೆಯೆ? ಅವರು ಒಳ್ಳೆಯವರು, ಆದರೆ ಪುಸ್ತಕವೆಂದರೆ ಕೊನೆಯಲ್ಲಿ ಒಂದು ನೀತಿ ಇರಬೇಕು ಎನ್ನುವವರು. ಚೇಳಿನಿಂದ ಮಕ್ಕಳು ಕಲಿಯುವ ನೀತಿ ಯಾವುದು ಎಂದು ನನ್ನನ್ನೇ ಕೇಳಿದರು. ಮನೆಗೆ ಹೋಗದ ಪುಸ್ತಕ ಬೀರುವಿನಲ್ಲಿ ಇರಕೂಡದು, ನಾಗರಪಂಚಮಿಯ ರಜೆ ಮುಗಿದ ಮೇಲೆ ಅಂಗಡಿಗೆ ಹಿಂದಿರುಗಿಸಿ ಇನ್ನೊಂದು ನೀತಿಕಥೆ ತನ್ನಿ ಎಂದರು. ಒಂದು ಕಲೆಯೂ ಆಗದಿದ್ದರೆ ಬದಲಿಸಿಕೊಡುವುದಾಗಿ ಅಂಗಡಿಯವನು ಮೊದಲೇ ಒಪ್ಪಿದ್ದ. ನಾನು ಹೂಂ ಎಂದೆ. ಮಕ್ಕಳು ತಾವಾಗಿ ಮೈಮೇಲೆ ಬಿದ್ದು ನೋಡಿದ ಒಂದೇ ಒಂದು ಪುಸ್ತಕ, ನಾನು ಆರಿಸಿದ ಒಂದೇ ಒಂದು ಪುಸ್ತಕ, ಕೈಬಿಟ್ಟು ಹೋಗುತ್ತಿತ್ತು. ಹೋಗುವ ಮೊದಲು ಇನ್ನೊಮ್ಮೆ ಪೂರ್ತಿ ಓದಿಬಿಡೋಣವೆಂದು ಮನೆಗೆ ತಂದೆ. ಶ್ರಾವಣದ ಮಳೆಗೆ ನಮ್ಮ ಮನೆಯಲ್ಲಿ ಸೋರದ ಗೋಡೆ ದೇವರ ಗೂಡಿನದೊಂದೇ. ಕಲೆಯಾಗಬಾರದಲ್ಲ, ಅಲ್ಲೇ ಜೋಪಾನವಾಗಿಟ್ಟೆ.

ಪ್ರತಿ ವರ್ಷ ನಾಗರಪಂಚಮಿಗೆ ಅಜ್ಜಿ ಹೊಲದ ಬದುವಿನ ಹುತ್ತಕ್ಕೆ ಹೋಗಿ ಹಾಲಿನ ತನಿ ಎರೆದು ಬರುತ್ತಿದ್ದಳು. ಆ ವರ್ಷ ಪಕ್ಕದ ಹೊಲದವರು ಪಂಪ್‌ಸೆಟ್ಟಿನ ಕೋಣೆ ಕಟ್ಟಲು ಆ ಹುತ್ತವನ್ನು ಮಟ್ಟ ಮಾಡಿಬಿಟ್ಟಿದ್ದರು. ಇನ್ನೊಂದು ಹುತ್ತ ಕೆರೆ ಏರಿಯ ಆಚೆಗೆ. ದಾರಿಯೆಲ್ಲ ಕೆಸರು, ಅಜ್ಜಿಗೆ ಮಂಡಿನೋವು. ಹಬ್ಬದ ಹಿಂದಿನ ಸಂಜೆ ಅವಳು ಗೂಡಿನ ಹತ್ತಿರ ನಿಂತು, ಇದು ನಾಗಪ್ಪನ ಪುಸ್ತಕವೇ ಎಂದು ಕೇಳಿದಳು. ನಾನು ದಿನಚರಿಯಿಂದ ತಲೆಯೆತ್ತದೆ, ಹೌದಜ್ಜಿ, ನಾಗಪ್ಪನೇ ಮೊದಲು, ಮಿಕ್ಕವರೆಲ್ಲ ಆಮೇಲೆ ಎಂದೆ. ಅಷ್ಟು ಒಳ್ಳೆಯ ಪುಸ್ತಕವನ್ನು ತಂದದ್ದಕ್ಕೆ ಅವಳಿಗೆ ನನ್ನ ಮೇಲೆ ಅಭಿಮಾನ ಬಂದಿರಬೇಕು. ರಾತ್ರಿ ಊಟಕ್ಕೆ ಒಂದು ಚಮಚ ತುಪ್ಪ ಹೆಚ್ಚಿಗೆ ಬಿತ್ತು.

ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹಿತ್ತಾಳೆಯ ತಟ್ಟೆಯಲ್ಲಿ ಪುಸ್ತಕ ಮಲಗಿತ್ತು. ನಾಗರಹಾವಿನ ಹೆಡೆಗೆ ಅರಿಸಿನ, ಕುಂಕುಮ, ಕೊರಳಿಗೆ ಹತ್ತಿಯ ಗೆಜ್ಜೆವಸ್ತ್ರ, ಮುಂದೆ ತಂಬಿಟ್ಟು, ಚಿಗಳಿ, ನೆನೆಸಿದ ಕಡಲೆಕಾಳು. ತಟ್ಟೆಯ ತುಂಬ ಹಾಲು. ಅಜ್ಜಿ ಮಂಗಳಾರತಿ ನನ್ನ ಮುಂದೆ ಹಿಡಿದಳು. ಕೈ ತಾನಾಗಿಯೇ ಹೋಗಿ ಕಣ್ಣಿಗೊತ್ತಿಕೊಂಡಿತು. ಬುದ್ಧಿ ಆಮೇಲೆ ಬಂತು.

"ಅಜ್ಜಿ, ಇದು ಸ್ಕೂಲಿನ ಪುಸ್ತಕ," ಎಂದೆ.

"ಇಸ್ಕೂಲ್ ಮಕ್ಕಳ್ಗೂ ಒಳ್ಳೇದಾಗ್ಲಿ ಬಿಡು. ಉತ್ತದೊಳ್ಗೆ ಅವ್ನೋ ಇಲ್ವೋ ಅಂತ ಯಾವತ್ತೂ ಗೊತ್ತಾಗ್ತಿರ್ಲಿಲ್ಲ. ಈ ಸಲ ಮೊಕಾನೇ ಎದುರ್ಗಿತ್ತು ಕಣಪ್ಪ."

"ಹಾವು ಹಾಲು ಕುಡಿಯಲ್ಲ ಅಂತ ಇದರೊಳಗೇ ಬರೆದಿದೆ ಅಜ್ಜಿ."

"ಕುಡೀದೆ ಏನು? ಅರ್ಧ ಸೇರು ಉಯ್ದಿದ್ದೆ, ಈಗ ಎಷ್ಟೈತೆ ನೋಡು."

ನೋಡಿದೆ. ಹಾಲು ನಿಜವಾಗಿಯೂ ಇಳಿದಿತ್ತು. ಒರೆಸಿ, ಪುಟ ಬಿಡಿಸಿದರೆ, ಹಾವು ಹಾಲು ಕುಡಿಯುವ ಪ್ರಾಣಿಯಲ್ಲ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದ್ದ ಪುಟವೇ ಎಲ್ಲಕ್ಕಿಂತ ಹೆಚ್ಚು ಹಾಲು ಕುಡಿದು ಉಬ್ಬಿಕೊಂಡಿತ್ತು. ಅಲ್ಲಿಗೆ ನನ್ನ ವಾದ ಮುಗಿಯಿತು. ಪುಸ್ತಕವನ್ನು ಒಲೆಯ ಪಕ್ಕದಲ್ಲಿಟ್ಟು ಒಣಗಿಸಿದೆ. ರಟ್ಟು ಡೊಂಕಾಯಿತು, ಕುಂಕುಮ ಮಾತ್ರ ಇನ್ನಷ್ಟು ಗಟ್ಟಿಯಾಗಿ ಹಿಡಿಯಿತು.

ರಜೆ ಮುಗಿದ ದಿನ ಅದನ್ನು ಕಾಗದದಲ್ಲಿ ಸುತ್ತಿ ಹೆಡ್ಮಾಸ್ಟರ ಮೇಜಿನ ಮೇಲಿಟ್ಟು, ನಡೆದದ್ದನ್ನು ತಲೆಬಗ್ಗಿಸಿ ಹೇಳಿದೆ. ಹೊಸ ಕೆಲಸ, ಸರ್ಕಾರಿ ಪುಸ್ತಕಕ್ಕೆ ಹಾಲೆರೆದವನು ಎಂದು ಮೇಲಿನವರಿಗೆ ಬರೆದುಬಿಟ್ಟರೆ ಮುಂದೆ ನನಗೆ ಯಾವ ಸ್ಕೂಲು? ಅವರು ಕಾಗದ ಬಿಚ್ಚಿದರು. ಕರ್ಪೂರದ ವಾಸನೆ ಕೋಣೆಯನ್ನೆಲ್ಲ ತುಂಬಿತು. ಅಷ್ಟರಲ್ಲಿ ಮೇಜಿನ ಕೆಳಗೆ ಏನೋ ಸರಿದಂತಾಯಿತು. ಬಗ್ಗಿದ ತಲೆಯ ಲಾಭವೆಂದರೆ ಇಂಥದ್ದು ಕಾಣುತ್ತದೆ: ಹೆಡ್ಮಾಸ್ಟರು ಒಂದೊಂದೇ ಕಾಲಿನಿಂದ ಚಪ್ಪಲಿ ಕಳಚುತ್ತಿದ್ದರು.

"ಪೂಜೆ ಆಗಿಹೋದದ್ದನ್ನ ಅಂಗಡಿಗೆ ಹೇಗ್ರೀ ವಾಪಸ್ ಕೊಡೋದು?" ಎಂದರು. "ಅವನು ತಗೊಂಡರೂ ನಾವು ಕೊಡಬಾರದು. ಬೀರುವಿನಲ್ಲೇ ಇಡಿ ಮೇಷ್ಟ್ರೆ. ಮೇಲಿನ ಹಲಗೇಲಿ ಇಡಿ."

ಮುಂದಿನದನ್ನು ಅಜ್ಜಿ ನೋಡಿಕೊಂಡಳು. ಅವಳಿಗೆ ಒಂದು ಸಂಗತಿ ತಿಳಿಯಿತೆಂದರೆ ಅಟ್ಟೂರಿಗೆ ತಿಳಿದಂತೆ, ಅಟ್ಟೂರಿಗೆ ತಿಳಿದದ್ದು ಸಂತೆಯ ದಿನ ಯಲಹಂಕಕ್ಕೆ ತಲುಪಿದಂತೆ. ಮೊದಲು ಬಂದವನು ಮುನಿಶಾಮಪ್ಪನೇ. ಈ ಸಲ ಗೋಣಿಚೀಲವಿಲ್ಲ, ಮಡಿಸಿದ ಬಿಳಿಯ ಟವಲು. ಮಗಳಿಗೆ ಗಂಡು ಮಗುವಾಯಿತಂತೆ. ಪಟ ಮನೆಗೆ ಬಂದು ಹೋದದ್ದರಿಂದಲೇ ಆದದ್ದೆಂದು ಈಗ ಅವನ ಹೆಂಡತಿ ಹೇಳುತ್ತಿದ್ದಾಳಂತೆ. ನಲ್ಲಿಯಲ್ಲಿ ಕೈಕಾಲು ತೊಳೆದು ಬಂದು ಪುಸ್ತಕ ಪಡೆದು ಹೋದ. ಅವನ ಹಿಂದೆ ಸಾಲು ಹತ್ತಿತು. ಪುಸ್ತಕ ಕಡ ಕೊಟ್ಟದ್ದನ್ನು ಬರೆಯುವ ರಿಜಿಸ್ಟರಿನಲ್ಲಿ ಆ ಪುಸ್ತಕಕ್ಕೆಂದು ಬಿಟ್ಟಿದ್ದ ಪುಟ ತುಂಬಿ, ಮಹಾಪುರುಷರೊಬ್ಬರ ಖಾಲಿ ಪುಟಕ್ಕೆ ಕೈ ಹಾಕಬೇಕಾಯಿತು. ಯಾರೂ ಪುಟ ಮಡಿಸುತ್ತಿರಲಿಲ್ಲ, ಎಂಜಲು ಹಚ್ಚಿ ತಿರುವುತ್ತಿರಲಿಲ್ಲ. ಹಿಂದಿರುಗಿ ಬಂದಾಗ ಒಳಗೆ ಸೇವಂತಿಗೆಯ ಎಸಳು ಇರುತ್ತಿತ್ತು. ತಂದೆತಾಯಿ ಪೂಜೆ ಮಾಡಿ ಇಟ್ಟದ್ದನ್ನು ಮಕ್ಕಳು ಲಾಂದ್ರದ ಬೆಳಕಿನಲ್ಲಿ ಓದುತ್ತಿದ್ದರು. ಹಾವಿಗೆ ರೆಪ್ಪೆ ಯಾಕಿಲ್ಲ ಎಂದು ನನ್ನನ್ನೇ ಪ್ರಶ್ನೆ ಕೇಳಿ ಸಿಕ್ಕಿಸುವಷ್ಟು ಓದಿದರು. ಆ ವರ್ಷ ನಾನು ಬಹಳ ಸುಖವಾಗಿದ್ದೆ.

ಸುಖ ಹೆಚ್ಚಾದಾಗ ಮನುಷ್ಯ ಸುಮ್ಮನಿರುವುದಿಲ್ಲ. ಮಾರನೆಯ ವರ್ಷ ರಾತ್ರಿ ತಿರುಗುವ ಪ್ರಾಣಿಗಳ ಬಗ್ಗೆ ಇನ್ನೊಂದು ಪುಸ್ತಕ ತಂದೆ. ರಟ್ಟಿನ ಮೇಲೆ ತಲೆಕೆಳಗಾಗಿ ನೇತಾಡುವ ಬಾವಲಿ. ಹಲ್ಲು ಕಾಣುತ್ತಿತ್ತು. ತಿಂಗಳು ಎರಡಾದರೂ ಒಬ್ಬರೂ ಮನೆಗೆ ಒಯ್ಯಲಿಲ್ಲ. ಹೆಡ್ಮಾಸ್ಟರು ಮತ್ತೆ ನೀತಿಕಥೆಯ ಮಾತು ತೆಗೆದರು. ಹಾಲಿಗಾಗಿ ಕಾದರೆ ಪಂಚಮಿ ದೂರವಿತ್ತು. ಆ ಸಂಜೆ ಪುಸ್ತಕವನ್ನು ಮನೆಗೆ ಒಯ್ದು, ಅಕ್ಕಿ ಆರಿಸುತ್ತಿದ್ದ ಅಜ್ಜಿಯ ಮುಂದೆ ಕೂತು, ಬಾವಲಿಗೆ ಯಾವುದಾದರೂ ಹಬ್ಬ ಉಂಟೇ ಎಂದು ಕೇಳಿದೆ. ಇಲ್ಲದಿದ್ದರೂ ಚಿಂತೆಯಿಲ್ಲ, ಒಂದು ಬೊಟ್ಟು ಇಟ್ಟು ಕೊಟ್ಟರೆ ಸಾಕು ಎಂದೆ.

ಅಜ್ಜಿ ಮೊರವನ್ನು ಪಕ್ಕಕ್ಕಿಟ್ಟು ಚಿತ್ರವನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ಅಲ್ಲ ಕಣೋ, ಪುಸ್ತಕ ಇರೋದು ಓದಕ್ಕೆ. ಕಂಡಕಂಡ ಪಟಕ್ಕೆಲ್ಲ ಯಾರಾನ ಕುಂಕುಮ ಇಕ್ತಾರಾ? ಓದ್ದೋನು ನೀನೇ ಇಂಗಾಡಿದ್ರೆ, ಮಕ್ಕಳ ಗತಿ ಏನೋ?"

ನಾನು ಬೆನ್ನ ಹಿಂದೆ ಹಿಡಿದುಕೊಂಡಿದ್ದ ಕುಂಕುಮದ ಭರಣಿಯನ್ನು, ಅವಳು ಮತ್ತೆ ಅಕ್ಕಿಯ ಕಡೆಗೆ ತಿರುಗಿದ ಮೇಲೆ, ಸದ್ದಾಗದಂತೆ ಗೂಡಿನಲ್ಲಿಟ್ಟು ಬಂದೆ.